ಎಂ. ಎಚ್. ಮರಿಗೌಡ

ಡಾ. ಎಂ. ಎಚ್. ಮರಿಗೌಡ ಅವರು ಕರ್ನಾಟಕದ ತೋಟಗಾರಿಕೆಯ ಪಿತಾಮಹರೆಂದು ಹೆಸರಾದ ಸಸ್ಯವಿಜ್ಞಾನಿ ಹಾಗೂ ಆಡಳಿತಗಾರರು. ಬೆಂಗಳೂರಿನ ಲಾಲ್‌ಬಾಗನ್ನು ಕೇಂದ್ರವಾಗಿಟ್ಟುಕೊಂಡು ಹಣ್ಣಿನ ಬೆಳೆಯನ್ನು ಸಣ್ಣ ರೈತರ ಹೊಲಗಳಿಗೂ ಹಣ್ಣನ್ನು ಸಾಮಾನ್ಯರ ಮನೆಗಳಿಗೂ ತಲುಪಿಸಲು ಶ್ರಮಿಸಿದರು.

ಜನನ ಮತ್ತು ವಿದ್ಯಾಭ್ಯಾಸ

ಮರಿಗೌಡರು 1916ರ ಆಗಸ್ಟ್ 8ರಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಬನ್ನೂರು ಸಮೀಪದ ಗ್ರಾಮವೊಂದರಲ್ಲಿ ಜನಿಸಿದರು. ಉನ್ನತ ವ್ಯಾಸಂಗಕ್ಕಾಗಿ ಅಮೆರಿಕಕ್ಕೆ ತೆರಳಿ ಹಾರ್ವರ್ಡ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪದವಿ ಪಡೆದರು.

ವೃತ್ತಿಜೀವನ

ಸ್ವದೇಶಕ್ಕೆ ಮರಳಿದ ಅವರು 1950ರ ದಶಕದ ಆರಂಭದಲ್ಲಿ ಲಾಲ್‌ಬಾಗಿನ ಅಧೀಕ್ಷಕರಾದರು. ಜಿ. ಎಚ್. ಕೃಂಬಿಗಲ್ ಮತ್ತು ಎಚ್. ಸಿ. ಜವರಾಯ ಅವರಂತಹ ಹಿರಿಯರು ಬೆಳೆಸಿದ್ದ ಪರಂಪರೆ ಅವರಿಗೆ ದೊರೆಯಿತು. 1963ರಲ್ಲಿ ತೋಟಗಾರಿಕೆಯು ಕೃಷಿ ಇಲಾಖೆಯಿಂದ ಬೇರ್ಪಟ್ಟು ಸ್ವತಂತ್ರ ಇಲಾಖೆಯಾದಾಗ ಅದರ ಮೊದಲ ನಿರ್ದೇಶಕರಾಗಿ ನೇಮಕಗೊಂಡು, 1974ರವರೆಗೆ ಸೇವೆ ಸಲ್ಲಿಸಿದರು.

ಮಳೆಯನ್ನೇ ನೆಚ್ಚಿದ ರೈತನಿಗೆ ಒಂದು ವರ್ಷದ ಬರ ಬಂದರೆ ರಾಗಿ, ಜೋಳಗಳ ಫಸಲು ಕೈತಪ್ಪುತ್ತದೆ. ಆಳಕ್ಕೆ ಬೇರು ಬಿಟ್ಟ ಮಾವು, ಹಲಸು, ನೇರಳೆ, ಹುಣಸೆಗಳು ಅದೇ ಬರವನ್ನು ತಾಳಿಕೊಳ್ಳುತ್ತವೆ. ಈ ಕಾರಣದಿಂದ ಮರಿಗೌಡರು ಒಣಭೂಮಿ ತೋಟಗಾರಿಕೆಗೆ ಒತ್ತು ನೀಡಿದರು. ಸಸ್ಯಕ್ಷೇತ್ರ, ಸಸ್ಯಸಂರಕ್ಷಣೆ, ಮಣ್ಣುಪರೀಕ್ಷೆ, ಬೀಜಪರೀಕ್ಷೆ ಎಂಬ ನಾಲ್ಕು ಅಂಗಗಳ ವ್ಯವಸ್ಥೆಯನ್ನು ರೂಪಿಸಿದರು. ರಾಜ್ಯದಾದ್ಯಂತ ಮುನ್ನೂರಕ್ಕೂ ಹೆಚ್ಚು ತೋಟಗಾರಿಕಾ ಕ್ಷೇತ್ರಗಳು ಸ್ಥಾಪನೆಯಾದವು.

ದ್ರಾಕ್ಷಿ ಬೆಳೆಗಾರರ ಸಂಘ

ಬೆಳೆದ ಹಣ್ಣು ಕೆಲವೇ ದಿನಗಳಲ್ಲಿ ಕೊಳೆಯುವುದರಿಂದ ಬೆಳೆಗಾರರು ದಲ್ಲಾಳಿಗಳು ಹೇಳಿದ ಬೆಲೆಗೇ ಮಾರಬೇಕಾಗುತ್ತಿತ್ತು. ಇದಕ್ಕೆ ಪರಿಹಾರವಾಗಿ ಮರಿಗೌಡರ ಮಾರ್ಗದರ್ಶನದಲ್ಲಿ 1959ರಲ್ಲಿ ಬೆಂಗಳೂರು ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವು ಆರಂಭವಾಯಿತು. ಮುಂದೆ ಇತರ ಹಣ್ಣು, ತರಕಾರಿಗಳನ್ನೂ ಸೇರಿಸಿಕೊಂಡು ಇದೇ ಸಂಸ್ಥೆ ಹಾಪ್‌ಕಾಮ್ಸ್ ಆಗಿ ಬೆಳೆಯಿತು. ಜಯನಗರ, ಬನಶಂಕರಿ ಮೊದಲಾದ ಬಡಾವಣೆಗಳ ನಿವಾಸಿಗಳಿಗೆ ಅದರ ಮಳಿಗೆಗಳು ಚಿರಪರಿಚಿತ.

ಹಣ್ಣುಗಳ ಪೋಷಕ ಮಹತ್ವ

ಮರಿಗೌಡರು ಪ್ರಚಾರಕ್ಕೆ ತಂದ ತೋಟದ ಹಣ್ಣುಗಳ ಮಹತ್ವವನ್ನು ನಂತರದ ಸಂಶೋಧನೆಗಳು ಮತ್ತಷ್ಟು ವಿವರಿಸಿವೆ. ಸಸ್ಯಗಳು ಬಿಸಿಲು, ಕೀಟ ಹಾಗೂ ರೋಗಗಳಿಂದ ರಕ್ಷಿಸಿಕೊಳ್ಳಲು ತಯಾರಿಸುವ ಹಲವು ಸಂಯುಕ್ತಗಳು ಉತ್ಕರ್ಷಣ ನಿರೋಧಕಗಳಾಗಿವೆ. ಇವು ಫ್ರೀ ರ್‍ಯಾಡಿಕಲ್‌ಗಳಿಗೆ ಎಲೆಕ್ಟ್ರಾನ್ ಅಥವಾ ಹೈಡ್ರೋಜನ್ ನೀಡಿ ಅವುಗಳನ್ನು ಶಮನಗೊಳಿಸುತ್ತವೆ.

ಬೆಂಗಳೂರು ನೀಲಿ ದ್ರಾಕ್ಷಿಯ ಬಣ್ಣಕ್ಕೆ ಸಿಪ್ಪೆಯಲ್ಲಿರುವ ಆಂಥೋಸಯಾನಿನ್‌ಗಳು ಕಾರಣ. ಬೀಜದಲ್ಲಿ ಟ್ಯಾನಿನ್‌ಗಳು ಹೇರಳ. ನೇರಳೆಯ ಬಣ್ಣವೂ ಆಂಥೋಸಯಾನಿನ್‌ಗಳದ್ದೇ. 100 ಗ್ರಾಂ ಸೀಬೆಯಲ್ಲಿ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ವವಿದ್ದು, ಇದು ಕಿತ್ತಳೆಯಲ್ಲಿರುವುದಕ್ಕಿಂತ ಹಲವು ಪಟ್ಟು ಅಧಿಕ. ಕೆಂಪು ತಿರುಳಿನ ಸೀಬೆಯಲ್ಲಿ ಲೈಕೋಪೀನ್ ಸಹ ಇರುತ್ತದೆ. ಮಾವಿನ ತಿರುಳಿನಲ್ಲಿ ಬೀಟಾ ಕ್ಯಾರೊಟಿನ್, ಸಿಪ್ಪೆಯಲ್ಲಿ ಮ್ಯಾಂಗಿಫೆರಿನ್ ಕಂಡುಬರುತ್ತವೆ. ಕಾಯಿ ಸಪೋಟದ ಒಗರು ಟ್ಯಾನಿನ್‌ಗಳಿಂದ ಬರುತ್ತದೆ. ಹಣ್ಣಾದಂತೆ ಅದು ಕಡಿಮೆಯಾಗುತ್ತದೆ.

ಪ್ರಯೋಗಾಲಯದಲ್ಲಿ ಕಾಣುವ ಪರಿಣಾಮವೆಲ್ಲ ದೇಹದಲ್ಲಿಯೂ ಹಾಗೆಯೇ ಆಗುವುದಿಲ್ಲ. ಫಿನ್ಲೆಂಡಿನಲ್ಲಿ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬೀಟಾ ಕ್ಯಾರೊಟಿನ್ ಮಾತ್ರೆ ಸೇವಿಸಿದ ಧೂಮಪಾನಿಗಳಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಹೆಚ್ಚಾಗಿತ್ತು. ಆದುದರಿಂದ ಇಂತಹ ಮಾತ್ರೆಗಳು ಹಣ್ಣಿಗೆ ಬದಲಿಯಾಗಲಾರವು. ನಾರು, ಜೀವಸತ್ವ ಮತ್ತು ಇತರ ಸಂಯುಕ್ತಗಳು ಒಟ್ಟಾಗಿರುವ ಇಡೀ ಹಣ್ಣು ಕೈಗೆಟಕುವ ಬೆಲೆಯಲ್ಲಿ ದೊರೆಯುವುದು ಈ ದೃಷ್ಟಿಯಿಂದ ಮುಖ್ಯವಾಗಿದೆ.

ನಿಧನ ಮತ್ತು ಸ್ಮರಣೆ

ಮರಿಗೌಡರು 1990ರ ದಶಕದ ಆರಂಭದಲ್ಲಿ ನಿಧನರಾದರು. ಲಾಲ್‌ಬಾಗಿನಲ್ಲಿರುವ ತೋಟಗಾರಿಕಾ ಗ್ರಂಥಾಲಯಕ್ಕೂ, ಡೈರಿ ವೃತ್ತದ ಕಡೆಗೆ ಸಾಗುವ ರಸ್ತೆಗೂ ಅವರ ಹೆಸರನ್ನಿಡಲಾಗಿದೆ.