ಡಾಕ್ಟರ್ ಪಲ್ಪು: ಪ್ಲೇಗಿನ ಬೆಂಗಳೂರಿನ ಒಬ್ಬ ವೈದ್ಯ

ಕೆಂಗೇರಿಯ ನಮ್ಮ ಮನೆಯಲ್ಲಿ ಅಟ್ಟದ ಮೇಲಿಂದ ಇಲಿಯೊಂದು ಸತ್ತು ಬಿದ್ದರೆ ಅಜ್ಜಿ ಇಂದಿಗೂ ಬೆಚ್ಚುತ್ತಾರೆ. ಅವರು ಪ್ಲೇಗನ್ನು ಕಣ್ಣಾರೆ ಕಂಡವರಲ್ಲ. ಅವರ ಅತ್ತೆ ಹೇಳಿದ್ದನ್ನು ಕೇಳಿದವರು. ಇಲಿ ಬಿದ್ದಿತೆಂದರೆ ಊರಿಗೆ ಊರೇ ಮನೆಗಳಿಗೆ ಬೀಗ ಹಾಕಿ, ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿತ್ತಂತೆ. ಈ ಭಯದ ಮೂಲವನ್ನು ಹುಡುಕುತ್ತಾ ಹೋದ ನನಗೆ ಪುಸ್ತಕಗಳಲ್ಲಿ ಒಬ್ಬ ಮಹನೀಯರ ಪರಿಚಯವಾಯಿತು. ಅವರೇ ಡಾಕ್ಟರ್ ಪದ್ಮನಾಭನ್ ಪಲ್ಪು. ಕೇರಳದಲ್ಲಿ ಅವರ ಹೆಸರು ಮನೆಮಾತು. ಅವರು ದುಡಿದ ಈ ನಾಡಿನಲ್ಲಿ ಮಾತ್ರ ನಾವು ಅವರನ್ನು ಮರೆತಿದ್ದೇವೆ.

ಪಲ್ಪು ಅವರು 1863ರ ನವೆಂಬರ್ 2ರಂದು ತಿರುವನಂತಪುರದಲ್ಲಿ ಈಳವ ಕುಟುಂಬವೊಂದರಲ್ಲಿ ಜನಿಸಿದರು. ಆ ಜಾತಿಯನ್ನು ಅಂದಿನ ತಿರುವಾಂಕೂರು ಸಂಸ್ಥಾನ ಅಸ್ಪೃಶ್ಯವೆಂದು ದೂರವಿಟ್ಟಿತ್ತು. ಅವರ ಅಣ್ಣ ವೇಲಾಯುಧನ್ ಪದವೀಧರರಾದರೂ ಸ್ವಂತ ಸಂಸ್ಥಾನದಲ್ಲಿ ಅವರಿಗೆ ಉದ್ಯೋಗ ದೊರೆಯಲಿಲ್ಲ. ತಮ್ಮನ ಗತಿಯೂ ಅದೇ ಆಯಿತು. ವೈದ್ಯ ವ್ಯಾಸಂಗದ ಪ್ರವೇಶ ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೂ ಜಾತಿಯ ಕಾರಣದಿಂದ ಅವರನ್ನು ಸೇರಿಸಿಕೊಳ್ಳಲಿಲ್ಲ. ಅವರು ಮದರಾಸಿಗೆ ಹೋಗಿ, ಕಷ್ಟಪಟ್ಟು ಓದಿ ವೈದ್ಯರಾದರು. ಊರಿಗೆ ಮರಳಿ ಕೆಲಸ ಕೇಳಿದರೆ ಮತ್ತೆ ಅದೇ ನಿರಾಕರಣೆ. ಕೊನೆಗೆ ಅವರಿಗೆ ಬಾಗಿಲು ತೆರೆದದ್ದು ನಮ್ಮ ಮೈಸೂರು ಸಂಸ್ಥಾನ.

ಇಲ್ಲಿ ಅವರು ಸಿಡುಬಿನ ಲಸಿಕೆ ತಯಾರಿಸುವ ಕಾರ್ಯದಲ್ಲಿ ತೊಡಗಿದರು. ಆ ಕಾಲದಲ್ಲಿ ಲಸಿಕೆಯನ್ನು ಕರುಗಳ ಚರ್ಮದ ಮೇಲೆ ಬೆಳೆಸಿ, ಅಲ್ಲಿ ಎದ್ದ ಬೊಕ್ಕೆಗಳ ರಸವನ್ನು ತೆಗೆದು ಮನುಷ್ಯರಿಗೆ ಹಾಕುತ್ತಿದ್ದರು. ಪ್ರಾಣಿಯಿಂದ ಮನುಷ್ಯನಿಗೆ ರಕ್ಷಣೆಯೂ ಬರಬಹುದೆಂಬುದಕ್ಕೆ ಇದೊಂದು ನಿದರ್ಶನ. ಪ್ರಾಣಿಯಿಂದ ಮೃತ್ಯುವೂ ಬರುತ್ತದೆಂಬುದನ್ನು ಬೆಂಗಳೂರು ಬೇಗನೆ ಕಂಡಿತು.

1896ರಲ್ಲಿ ಬೊಂಬಾಯಿಗೆ ಬಂದ ಪ್ಲೇಗು ರೈಲು ಹಾದಿ ಹಿಡಿದು 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಇಕ್ಕಟ್ಟಾದ ಪೇಟೆಯ ಬೀದಿಗಳಲ್ಲಿ ಜನ ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆಯೆದ್ದು ಕೆಲವೇ ದಿನಗಳಲ್ಲಿ ಸಾಯುತ್ತಿದ್ದರು. ಅನೇಕರು ಊರು ಬಿಟ್ಟು ಓಡಿದರು. ಪಲ್ಪು ಓಡಲಿಲ್ಲ, ರೋಗಿಗಳ ನಡುವೆ ನಿಂತು ದುಡಿದರು. ಅವರ ಆಶ್ರಯದಲ್ಲಿ ಇಲ್ಲಿನ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನಲ್ಲಿ ಓದುತ್ತಿದ್ದ ತರುಣನೊಬ್ಬ ಪ್ಲೇಗಿನ ದೆಸೆಯಿಂದ ಊರು ಬಿಡಬೇಕಾಯಿತು. ಅವರೇ ಮುಂದೆ ಮಲೆಯಾಳದ ಮಹಾಕವಿಯಾದ ಕುಮಾರನ್ ಆಶಾನ್.

ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಗುರುತಿಸಿದ್ದರು. ಸತ್ತ ಇಲಿಯ ಮೈಬಿಟ್ಟ ಚಿಗಟ ಮನುಷ್ಯನನ್ನು ಕಚ್ಚುವುದರಿಂದ ರೋಗ ದಾಟುತ್ತದೆಂಬುದನ್ನು ಸಿಮೊಂಡ್ 1898ರಲ್ಲಿ ಕರಾಚಿಯಲ್ಲಿ ಕಂಡುಕೊಂಡರು. ಆದರೆ ವಿದ್ವಾಂಸರು ಅದನ್ನು ಒಪ್ಪಲು ವರ್ಷಗಳೇ ಹಿಡಿದವು. ಶತ್ರು ಯಾವ ದಾರಿಯಿಂದ ಬರುತ್ತಾನೆಂಬುದು ಇತ್ಯರ್ಥವಾಗುವ ಮೊದಲೇ ಅಂದಿನ ವೈದ್ಯರು ಹೋರಾಡಬೇಕಾಯಿತು. ಗಾಳಿ ಬೆಳಕಿನ ಮನೆಗಳು ಬೇಕೆಂಬ ಅರಿವಿನಿಂದ ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು.

ಮೈಸೂರು ಸರ್ಕಾರ ಪಲ್ಪು ಅವರನ್ನು ಉನ್ನತ ವ್ಯಾಸಂಗಕ್ಕಾಗಿ ಯೂರೋಪಿಗೆ ಕಳುಹಿಸಿತು. ಇಲ್ಲಿ ಗೌರವ ಸಿಕ್ಕಿತೆಂದು ಅವರು ತಮ್ಮವರನ್ನು ಮರೆಯಲಿಲ್ಲ. 1896ರಲ್ಲಿ 13,176 ಮಂದಿಯ ಸಹಿ ಹೊತ್ತ ಮನವಿಯನ್ನು ತಿರುವಾಂಕೂರಿನ ಮಹಾರಾಜರಿಗೆ ಸಲ್ಲಿಸಿ, ಶಾಲೆಯನ್ನೂ ಉದ್ಯೋಗವನ್ನೂ ಕೇಳಿದರು. 1903ರಲ್ಲಿ ನಾರಾಯಣ ಗುರುಗಳ ನೇತೃತ್ವದಲ್ಲಿ ಶ್ರೀ ನಾರಾಯಣ ಧರ್ಮ ಪರಿಪಾಲನ ಯೋಗಂ ಸ್ಥಾಪನೆಯಾಗಲು ಕಾರಣರಾದರು. 1950ರ ಜನವರಿ 25ರಂದು, ನಮ್ಮ ಸಂವಿಧಾನ ಜಾರಿಗೆ ಬರುವ ಹಿಂದಿನ ದಿನ, ಅವರು ತೀರಿಕೊಂಡರು.

ಪ್ರಾಣಿಗಳಿಂದ ರೋಗ ದಾಟುವ ಕಥೆ ಪ್ಲೇಗಿನೊಂದಿಗೆ ಮುಗಿಯಲಿಲ್ಲ. ಇನ್‌ಫ್ಲುಯೆಂಜಾ ವೈರಸ್ಸಿನ ಮೂಲ ನೆಲೆ ನೀರುಹಕ್ಕಿಗಳು. ಅಲ್ಲಿಂದ ಅದು ಸಾಕುಕೋಳಿಗೂ ಹಂದಿಗೂ ಬರುತ್ತದೆ. ಒಂದೇ ಹಂದಿಯ ಮೈಯಲ್ಲಿ ಎರಡು ಬಗೆಯ ವೈರಸ್ಸುಗಳು ಸೇರಿ ತಮ್ಮ ಅಂಶಗಳನ್ನು ಅದಲುಬದಲು ಮಾಡಿಕೊಂಡರೆ ಹೊಸ ತಳಿ ಹುಟ್ಟಬಹುದು. 2009ರಲ್ಲಿ ಜಗತ್ತನ್ನು ಸುತ್ತಿದ ಜ್ವರ ಹಂದಿಯಿಂದಲೇ ಬಂದದ್ದು. 2012ರ ಅಕ್ಟೋಬರಿನಲ್ಲಿ ನಮ್ಮ ಹೆಸರಘಟ್ಟದ ಕುಕ್ಕುಟ ಕೇಂದ್ರದ ಟರ್ಕಿ ಕೋಳಿಗಳಲ್ಲಿ ಹಕ್ಕಿಜ್ವರ ಕಂಡು, ಅಲ್ಲಿನ ಪಕ್ಷಿಗಳನ್ನು ಕೊಲ್ಲಬೇಕಾಯಿತು. ಅಜ್ಜಿಯ ಭಯ ಹುಸಿಯಲ್ಲ. ಸತ್ತ ಇಲಿಯನ್ನೂ ಸತ್ತ ಕೋಳಿಯನ್ನೂ ಅಲಕ್ಷಿಸಬಾರದೆಂಬ ತಿಳಿವಳಿಕೆ ಅದರಲ್ಲಿದೆ.

ಇನ್ನೊಂದು ಮಾತನ್ನು ಅರಿಕೆ ಮಾಡಿಕೊಳ್ಳಬೇಕು. ನನ್ನ ತಂದೆ ಗಾರೆ ಕೆಲಸದವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಕಳೆದ ವರ್ಷ ಫೀಸಿಗೆ ದಾರಿಯಿಲ್ಲದೆ ಅಂಗಡಿಯೊಂದರಲ್ಲಿ ಸಂಜೆಯ ಲೆಕ್ಕ ಬರೆಯುವ ಕೆಲಸ ಕೇಳಲು ಹೋಗಿದ್ದೆ. ಅಲ್ಲಿನವರು ನನ್ನ ಅಂಕಪಟ್ಟಿಯನ್ನು ತೆರೆಯುವ ಮೊದಲೇ ನಾವು ಯಾವ ಜನವೆಂದು ಕೇಳಿದರು. ಹೇಳಿದೆ. ಕೆಲಸ ಖಾಲಿಯಿಲ್ಲವೆಂದರು. ಆ ಸಂಗತಿಯನ್ನು ನಾನು ಮನೆಯಲ್ಲಿ ಯಾರಿಗೂ ತಿಳಿಸಲಿಲ್ಲ. ತಪ್ಪು ನನ್ನದೇ ಎಂಬಂತೆ ತಲೆ ತಗ್ಗಿಸಿ ಓಡಾಡಿದೆ.

ಪಲ್ಪು ಅವರ ಚರಿತ್ರೆಯನ್ನು ಓದಿದ ಮೇಲೆ ತಲೆ ತಗ್ಗಿಸಬೇಕಾದವನು ನಾನಲ್ಲವೆಂದು ತಿಳಿಯಿತು. ಬಾಗಿಲು ಮುಚ್ಚಿದವರ ಎದುರು ಅವರು ಎರಡು ಕೆಲಸ ಮಾಡಿದರು: ಓದನ್ನು ಬಿಡಲಿಲ್ಲ, ಅನ್ಯಾಯವನ್ನು ಬಚ್ಚಿಡಲಿಲ್ಲ. ಮೊದಲನೆಯದನ್ನು ನಾನು ಹೇಗೋ ಮಾಡಿದ್ದೇನೆ. ಎರಡನೆಯದನ್ನು ಈ ಪುಟದಲ್ಲಿ ಇಂದು ಆರಂಭಿಸಿದ್ದೇನೆ.