ಕಮಾನಿನ ತುದಿಯಲ್ಲಿ ಕುಣಿದ ವಾದ್ಯವೃಂದ: ಬಾಬ್ ವಿಲ್ಸ್ ಬದುಕು

ಬಾಬ್ ವಿಲ್ಸ್ ಅವರಿಗಿಂತ ಚೆನ್ನಾಗಿ ಪಿಟೀಲು ನುಡಿಸಬಲ್ಲವರು ಅವರ ವಾದ್ಯವೃಂದದಲ್ಲಿಯೇ ಇದ್ದರು. ಅವರಿಗಿಂತ ಇಂಪಾಗಿ ಹಾಡುವವರಂತೂ ಇದ್ದೇ ಇದ್ದರು. ಇತರರ ಹಾಡಿನ ನಡುವೆ ಎತ್ತರದ ದನಿಯಲ್ಲಿ ಕೇಕೆ ಹಾಕುವುದು, ವಾದಕನನ್ನು ಹೆಸರು ಹಿಡಿದು ಕರೆಯುವುದು, ಕಮಾನಿನ ತುದಿಯನ್ನು ಅವನತ್ತ ಚಾಚಿ ಮುಂದಿನ ಸರದಿ ಯಾರದೆಂದು ಸೂಚಿಸುವುದು. ಮೇಲುನೋಟಕ್ಕೆ ಅವರ ಕೆಲಸ ಇಷ್ಟೇ ಎಂಬಂತೆ ತೋರುತ್ತಿತ್ತು. ಆದರೆ ಹಳ್ಳಿಯ ಪಿಟೀಲಿನ ಮಟ್ಟುಗಳು, ಕಪ್ಪುಜನರ ಬ್ಲೂಸ್, ನಗರದ ಜಾಝ್, ಗಡಿಯಾಚೆಯ ಮೆಕ್ಸಿಕನ್ ಹಾಡುಗಳು ಒಂದೇ ವೇದಿಕೆಯಲ್ಲಿ ಬೆರೆತು ‘ವೆಸ್ಟರ್ನ್ ಸ್ವಿಂಗ್’ ಎಂಬ ಕುಣಿತದ ಸಂಗೀತವಾಗಿ ಅಮೆರಿಕದ ನೈಋತ್ಯ ರಾಜ್ಯಗಳನ್ನು ಆಳಿದ್ದು ಬಹುಮಟ್ಟಿಗೆ ಆ ಕಮಾನಿನ ತುದಿಯಿಂದಲೇ.

ಜೇಮ್ಸ್ ರಾಬರ್ಟ್ ವಿಲ್ಸ್ ಜನಿಸಿದ್ದು 1905ರ ಮಾರ್ಚ್ 6ರಂದು, ಟೆಕ್ಸಾಸ್ ರಾಜ್ಯದ ಕಾಸಿ ಎಂಬ ಊರಿನ ಸಮೀಪ. ಹತ್ತು ಮಕ್ಕಳಲ್ಲಿ ಹಿರಿಯವರು. ತಂದೆ ಜಾನ್ ವಿಲ್ಸ್ ಹತ್ತಿ ಬೆಳೆಗಾರ, ಜೊತೆಗೆ ಸುತ್ತಲಿನ ಸೀಮೆಯಲ್ಲಿ ಹೆಸರಾದ ಪಿಟೀಲುವಾದಕ. 1913ರಲ್ಲಿ ಕುಟುಂಬವು ಗಾಡಿ ಕಟ್ಟಿಕೊಂಡು ಪಶ್ಚಿಮ ಟೆಕ್ಸಾಸಿನ ಹಾಲ್ ಕೌಂಟಿಗೆ ಹೊರಟಿತು. ಹಾದಿಯುದ್ದಕ್ಕೂ ಹಗಲು ಕಂಡವರ ಹೊಲದಲ್ಲಿ ಹತ್ತಿ ಬಿಡಿಸುವುದು, ರಾತ್ರಿ ಕುಣಿತದ ಮನೆಗಳಲ್ಲಿ ತಂದೆಯ ಪಿಟೀಲಿಗೆ ಹುಡುಗ ಮ್ಯಾಂಡೊಲಿನ್ ಜೊತೆ ನೀಡುವುದು. ಹೀಗೆ ಪಯಣ ಸಾಗಿತು. ಹತ್ತಿಯ ಹೊಲಗಳಲ್ಲಿ ಪಕ್ಕದ ಸಾಲಿನಲ್ಲಿ ದುಡಿಯುತ್ತಿದ್ದವರು ಕಪ್ಪು ಕುಟುಂಬಗಳ ಜನ. ಅವರ ಮಕ್ಕಳೇ ಬಾಲಕನ ಆಟದ ಗೆಳೆಯರು, ಅವರ ಹಾಡುಗಳೇ ಅವನ ಎರಡನೆಯ ಪಾಠಶಾಲೆ. ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಅವರ ಹಾಡು ಕೇಳಲು ಐವತ್ತು ಮೈಲಿ ಕುದುರೆಯೇರಿ ಹೋದದ್ದನ್ನು ವಿಲ್ಸ್ ಮುಂದೆ ಅಭಿಮಾನದಿಂದ ಹೇಳಿಕೊಳ್ಳುತ್ತಿದ್ದರು.

ಹತ್ತನೆಯ ವಯಸ್ಸಿನಲ್ಲಿ ಒಂದು ಕುಣಿತದ ರಾತ್ರಿ ತಂದೆ ಸಮಯಕ್ಕೆ ಬಾರದೆ ಹೋದಾಗ ಬಾಲಕನೇ ಪಿಟೀಲು ಕೈಗೆತ್ತಿಕೊಂಡ. ಬರುತ್ತಿದ್ದದ್ದು ಬೆರಳೆಣಿಕೆಯ ಮಟ್ಟುಗಳು. ಅವನ್ನೇ ತಿರುಗಿಸಿ ಮುರುಗಿಸಿ ನುಡಿಸಿ ರಾತ್ರಿ ಕಳೆದನೆಂದು ಹೇಳುತ್ತಾರೆ. ಕುಣಿಯುವವರ ಕಾಲು ನಿಲ್ಲಬಾರದೆಂಬ ಪಾಠವನ್ನು ಅವರು ಕಲಿತದ್ದು ಅಂದೇ ಇರಬೇಕು.

ಪಿಟೀಲು ಆಗಿನ್ನೂ ಹೊಟ್ಟೆ ತುಂಬಿಸುವ ವಿದ್ಯೆಯಾಗಿರಲಿಲ್ಲ. ಯೌವನದಲ್ಲಿ ವಿಲ್ಸ್ ಕ್ಷೌರಿಕ ವೃತ್ತಿಯನ್ನು ಕಲಿತು ನ್ಯೂಮೆಕ್ಸಿಕೊದ ರಾಯ್ ಎಂಬಲ್ಲಿ, ಬಳಿಕ ಟೆಕ್ಸಾಸಿನ ಟರ್ಕಿ ಎಂಬ ಪುಟ್ಟ ಊರಿನಲ್ಲಿ ಕತ್ತರಿ ಹಿಡಿದರು. ಹಗಲು ಕ್ಷೌರ, ರಾತ್ರಿ ಕುಣಿತಗಳಲ್ಲಿ ಪಿಟೀಲು. ‘ಸ್ಪ್ಯಾನಿಷ್ ಟೂ ಸ್ಟೆಪ್’ ಎಂಬ ಮಟ್ಟು ಹುಟ್ಟಿದ್ದು ರಾಯ್‌ನ ದಿನಗಳಲ್ಲಿ. 1929ರಲ್ಲಿ ಅವರು ಫೋರ್ಟ್‌ವರ್ತ್ ನಗರಕ್ಕೆ ಬಂದು, ಔಷಧ ಮಾರುವ ಸಂಚಾರಿ ಪ್ರದರ್ಶನವೊಂದರಲ್ಲಿ ಮುಖಕ್ಕೆ ಮಸಿ ಬಳಿದುಕೊಂಡು ಹಾಸ್ಯಗಾರನಾಗಿ ನಿಂತರು. ಕಪ್ಪುಜನರ ಸಂಗೀತವನ್ನು ಮನಸಾರೆ ಪ್ರೀತಿಸಿದವರು ಅವರನ್ನೇ ಅಣಕಿಸುವ ವೇಷ ಕಟ್ಟಿದರೆಂಬುದು ಆ ಕಾಲದ ವಿಪರ್ಯಾಸ. ಮುಂದೆ ವಿಲ್ಸ್ ಕಟ್ಟಿದ ವೃಂದದ ನರನಾಡಿಗಳಲ್ಲಿ ಬ್ಲೂಸ್ ಹರಿಯಿತು. ಆದರೆ ವರ್ಣಭೇದ ನೆಲೆಯೂರಿದ್ದ ಆ ದಿನಗಳಲ್ಲಿ ವೃಂದದ ಸದಸ್ಯರೆಲ್ಲ ಬಿಳಿಯರೇ ಆಗಿದ್ದರು.

ಫೋರ್ಟ್‌ವರ್ತ್‌ನಲ್ಲಿ ಗಿಟಾರ್ ವಾದಕ ಹರ್ಮನ್ ಆರ್ನ್‌ಸ್ಪೈಗರ್, 1930ರಲ್ಲಿ ಗಾಯಕ ಮಿಲ್ಟನ್ ಬ್ರೌನ್ ಜೊತೆಯಾದರು. 1931ರಲ್ಲಿ ಬರಸ್ ಎಂಬ ಹಿಟ್ಟಿನ ಗಿರಣಿ ಈ ತಂಡವನ್ನು ತನ್ನ ರೇಡಿಯೊ ಜಾಹೀರಾತಿಗೆ ನೇಮಿಸಿಕೊಂಡಿತು. ಗಿರಣಿಯ ಹಿಟ್ಟಿನ ಹೆಸರು ‘ಲೈಟ್ ಕ್ರಸ್ಟ್’. ತಂಡ ‘ಲೈಟ್ ಕ್ರಸ್ಟ್ ಡೋಬಾಯ್ಸ್’ ಆಯಿತು. ಗಿರಣಿಯ ವ್ಯವಸ್ಥಾಪಕ ಡಬ್ಲ್ಯು. ಲೀ ಓಡೇನಿಯಲ್ ಅವರಿಗೆ ಈ ಹಳ್ಳಿಗಾಡಿನ ಸಂಗೀತ ಮೊದಲು ರುಚಿಸಲಿಲ್ಲ, ಕಾರ್ಯಕ್ರಮವನ್ನೇ ನಿಲ್ಲಿಸಿಬಿಟ್ಟರು. ಮತ್ತೆ ಆರಂಭಿಸಿದ ಮೇಲೆ ವಾದಕರನ್ನು ಗಿರಣಿಯ ಕೆಲಸಕ್ಕೂ ಹಚ್ಚಿದರು. ಹಿಟ್ಟು ಭರದಿಂದ ಖರ್ಚಾಗತೊಡಗಿದಾಗ ಮಾತ್ರ ತಾವೇ ಧ್ವನಿವರ್ಧಕದ ಮುಂದೆ ಬಂದು ನಿರೂಪಕರಾದರು. ಆ ರೇಡಿಯೊ ಜನಪ್ರಿಯತೆಯ ಬಲದಿಂದಲೇ ಅವರು ಮುಂದೆ ಟೆಕ್ಸಾಸಿನ ಗವರ್ನರ್ ಆದರು, ಸೆನೆಟರ್ ಕೂಡ ಆದರು.

ಕುಣಿತದ ಮನೆಗಳಲ್ಲಿ ನುಡಿಸಕೂಡದೆಂಬ ಓಡೇನಿಯಲ್ ಅವರ ಕಟ್ಟಪ್ಪಣೆಗೆ ಬೇಸತ್ತು ಮಿಲ್ಟನ್ ಬ್ರೌನ್ 1932ರಲ್ಲಿ ಹೊರನಡೆದು ತಮ್ಮದೇ ತಂಡ ಕಟ್ಟಿದರು. ವೆಸ್ಟರ್ನ್ ಸ್ವಿಂಗಿನ ಮೊದಲ ಕೀರ್ತಿಯಲ್ಲಿ ಅವರದು ಸಮಪಾಲು ಎನ್ನುವವರಿದ್ದಾರೆ, ಅದು ನ್ಯಾಯವೂ ಹೌದು; ಆದರೆ 1936ರಲ್ಲಿ ವಾಹನ ಅಪಘಾತ ಅವರನ್ನು ಎಳೆಯ ವಯಸ್ಸಿಗೇ ಕೊಂಡೊಯ್ದಿತು. ಬ್ರೌನ್ ತೆರವು ಮಾಡಿದ ಸ್ಥಾನಕ್ಕೆ ವಿಲ್ಸ್ ಅರವತ್ತಕ್ಕೂ ಹೆಚ್ಚು ಮಂದಿಯನ್ನು ಪರೀಕ್ಷಿಸಿ ಟಾಮಿ ಡಂಕನ್ ಎಂಬ ತರುಣನನ್ನು ಆರಿಸಿಕೊಂಡರು. ಮುಂದಿನ ಹದಿನಾರು ವರ್ಷ ಬಾಬ್ ವಿಲ್ಸ್ ವೃಂದದ ಕಂಠವೆಂದರೆ ಡಂಕನ್ ಅವರದೇ.

ವಿಲ್ಸ್ ಅವರಿಗೆ ಕುಡಿತದ ಚಟವಿತ್ತು. ತಿಂಗಳುಗಟ್ಟಲೆ ಒಂದು ಹನಿಯನ್ನೂ ಮುಟ್ಟದೆ ಇರುವರು. ಒಮ್ಮೆ ಆರಂಭವಾಯಿತೆಂದರೆ ದಿನಗಟ್ಟಲೆ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. 1933ರಲ್ಲಿ ಗಿರಣಿಯವರು ಅವರನ್ನು ಕೆಲಸದಿಂದ ತೆಗೆದರು. ಡಂಕನ್ ಮೊದಲಾದವರು ಅವರ ಹಿಂದೆಯೇ ಹೊರಟು ವೇಕೊ ನಗರದಲ್ಲಿ ‘ಪ್ಲೇಬಾಯ್ಸ್’ ತಂಡ ಹುಟ್ಟಿತು. ಓಡೇನಿಯಲ್ ಅಷ್ಟಕ್ಕೆ ಬಿಡಲಿಲ್ಲ. ಹಳೆಯ ತಂಡದ ಹೆಸರು ಬಳಸಿಕೊಂಡರೆಂದು ಮೊಕದ್ದಮೆ ಹೂಡಿ ಸೋತರು. ತಂಡವು ಒಕ್ಲಹೋಮ ಸಿಟಿಗೆ ಹೋದಾಗ ಅಲ್ಲಿನ ರೇಡಿಯೊ ಕೇಂದ್ರದಿಂದಲೂ ಅದನ್ನು ಹೊರಹಾಕಿಸಿದರು. ಕೊನೆಗೆ 1934ರ ಫೆಬ್ರುವರಿಯಲ್ಲಿ ಟಲ್ಸ ನಗರದ ಕೆವಿಓಓ ಕೇಂದ್ರ ಆಶ್ರಯ ನೀಡಿತು. ಟೆಕ್ಸಾಸಿನಿಂದ ಓಡಿಬಂದು ಒಕ್ಲಹೋಮದಲ್ಲಿ ನೆಲೆನಿಂತ ತಂಡಕ್ಕೆ ‘ಟೆಕ್ಸಾಸ್ ಪ್ಲೇಬಾಯ್ಸ್’ ಎಂಬ ಹೆಸರು!

ಟಲ್ಸದ ಎಂಟು ವರ್ಷಗಳು ಅವರ ಬಾಳಿನ ಸುಗ್ಗಿ. ಮಧ್ಯಾಹ್ನ ಹನ್ನೆರಡೂವರೆಗೆ ರೇಡಿಯೊ ಕಾರ್ಯಕ್ರಮ, ರಾತ್ರಿ ಕುಣಿತ. 1935ರಿಂದ ಕೇನ್ಸ್ ಬಾಲ್‌ರೂಮ್ ಎಂಬ ನೃತ್ಯಶಾಲೆ ಅವರ ಮನೆಯಾಯಿತು. ಮಹಾ ಆರ್ಥಿಕ ಕುಸಿತ, ಅದರ ಮೇಲೆ ಬರ ಮತ್ತು ಧೂಳಿನ ಬಿರುಗಾಳಿಗಳಿಂದ ಕಂಗೆಟ್ಟಿದ್ದ ರೈತಾಪಿ ಜನರಿಗೆ ಆ ಮಧ್ಯಾಹ್ನದ ಹೊತ್ತು ಊಟದಷ್ಟೇ ಅಗತ್ಯವಾಗಿತ್ತು. ವೃಂದವೂ ಬೆಳೆಯಿತು. ಹದಿನೆಂಟರ ಹರೆಯದ ಲಿಯಾನ್ ಮಕಾಲಿಫ್ ವಿದ್ಯುತ್ ಸ್ಟೀಲ್ ಗಿಟಾರ್ ಹಿಡಿದು ಬಂದರು. ಅಲ್ ಸ್ಟ್ರಿಕ್ಲಿನ್ ಪಿಯಾನೊ ಮುಂದೆ ಕುಳಿತರು. ಎಲ್ಡನ್ ಶ್ಯಾಂಬ್ಲಿನ್ ಗಿಟಾರ್ ನುಡಿಸುವುದರ ಜೊತೆಗೆ ಸಂಯೋಜನೆಯ ಹೊಣೆಯನ್ನೂ ಹೊತ್ತರು. ಸ್ಮೋಕಿ ಡೇಕಸ್ ಎಂಬ ಡ್ರಮ್ ವಾದಕನನ್ನು ಕರೆದಾಗ, ಪಿಟೀಲಿನ ತಂಡದಲ್ಲಿ ಡ್ರಮ್ಮಿಗೇನು ಕೆಲಸವೆಂದು ಸ್ವತಃ ಡೇಕಸ್ ಅವರೇ ಬೆರಗಾದರಂತೆ. ಸ್ಯಾಕ್ಸೋಫೋನ್, ಟ್ರಂಪೆಟ್, ಟ್ರೊಂಬೋನ್‌ಗಳೂ ಒಂದೊಂದಾಗಿ ಸೇರಿದವು.

1935ರ ಸೆಪ್ಟೆಂಬರಿನಲ್ಲಿ ಡಲ್ಲಸ್‌ನಲ್ಲಿ ಮೊದಲ ಧ್ವನಿಮುದ್ರಣಕ್ಕೆ ಬಂದಾಗ ನಿರ್ಮಾಪಕ ಆರ್ಟ್ ಸ್ಯಾಥರ್ಲಿ ಈ ದಂಡನ್ನು ಕಂಡು ದಂಗಾದರು. ಪಿಟೀಲಿನ ತಂಡವೆಂದು ನಿರೀಕ್ಷಿಸಿದ್ದವರಿಗೆ ಊದುವಾದ್ಯಗಳು ಒಲ್ಲದವಾದವು. ಹಾಡಿನ ನಡುವಿನ ವಿಲ್ಸ್ ಅವರ ಕೇಕೆ, ಮಾತು ಇನ್ನೂ ಒಲ್ಲದವು. ಅವು ಬೇಡವಾದರೆ ತಂಡವೂ ಬೇಡವೆಂದುಕೊಳ್ಳಬಹುದೆಂದು ವಿಲ್ಸ್ ಸಾಮಾನು ಕಟ್ಟಲು ಸಿದ್ಧರಾದರು. ನಿರ್ಮಾಪಕರೇ ಮಣಿಯಬೇಕಾಯಿತು. ಹಟಮಾರಿತನವೆಂದರೂ ಸರಿಯೇ, ಮೂವತ್ತರ ಪ್ರಾಯದ ಮಾಜಿ ಕ್ಷೌರಿಕನಿಗೆ ತನ್ನ ವೃಂದ ಹೇಗೆ ಕೇಳಿಸಬೇಕೆಂಬುದರಲ್ಲಿ ಎಳ್ಳಷ್ಟೂ ಸಂಶಯವಿರಲಿಲ್ಲ.

1938ರಲ್ಲಿ ಅದೇ ಸ್ಯಾಥರ್ಲಿ, ‘ಸ್ಪ್ಯಾನಿಷ್ ಟೂ ಸ್ಟೆಪ್’ನಂತಹ ಇನ್ನೊಂದು ಮಟ್ಟು ಬೇಕೆಂದರು. ವಿಲ್ಸ್ ಹಳೆಯ ಮಟ್ಟನ್ನೇ ಹಿಂದುಮುಂದು ಮಾಡಿ ಹೊಸದೊಂದನ್ನು ಕಟ್ಟಿದರು. ಅದಕ್ಕೆ ‘ಸ್ಯಾನ್ ಆಂಟೋನಿಯೊ ರೋಸ್’ ಎಂದು ಹೆಸರಾಯಿತು. ಸಾಹಿತ್ಯ ಸೇರಿಸಿ, ಊದುವಾದ್ಯಗಳನ್ನು ಮುಂದಿಟ್ಟು 1940ರಲ್ಲಿ ಮತ್ತೆ ಮುದ್ರಿಸಿದಾಗ ಅದು ದೇಶವನ್ನೇ ಸುತ್ತಿತು. ಬಿಂಗ್ ಕ್ರಾಸ್ಬಿ ಹಾಡಿದ ಆವೃತ್ತಿ ಹತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಅದೇ ವರ್ಷ ವಿಲ್ಸ್ ‘ಟೇಕ್ ಮಿ ಬ್ಯಾಕ್ ಟು ಒಕ್ಲಹೋಮ’ ಚಿತ್ರದಲ್ಲಿ ಟೆಕ್ಸ್ ರಿಟರ್ ಜೊತೆ ಕಾಣಿಸಿಕೊಂಡರು.

ಯುದ್ಧ ಬಂದು ಈ ವೈಭವದ ವೃಂದವನ್ನು ಚದುರಿಸಿತು. ವಾದಕರು ಒಬ್ಬೊಬ್ಬರಾಗಿ ಸೇನೆಗೆ ಸೇರಿದರು. ಮೂವತ್ತೇಳರ ವಿಲ್ಸ್ ಕೂಡ 1942ರಲ್ಲಿ ಸೇರಿ ಮರುವರ್ಷವೇ ಬಿಡುಗಡೆ ಪಡೆದರು. ಅದೇ 1942ರಲ್ಲಿ, ಹಲವು ಮದುವೆ ಮುರಿದುಬಿದ್ದ ಮೇಲೆ, ಬೆಟಿ ಆ್ಯಂಡರ್ಸನ್ ಅವರನ್ನು ವರಿಸಿದ್ದರು. ಈ ಸಂಸಾರ ಕೊನೆಯವರೆಗೆ ಉಳಿಯಿತು. ಬಿಡುಗಡೆಯ ಬಳಿಕ ಕ್ಯಾಲಿಫೋರ್ನಿಯಾಕ್ಕೆ ಹೋದರೆ ಅಲ್ಲಿ ಅವರ ಶ್ರೋತೃಗಳು ಮೊದಲೇ ಬಂದು ಕಾದಿದ್ದರು! ಧೂಳಿಗೆ ಹೊಲಮನೆ ಕಳೆದುಕೊಂಡು ಒಕ್ಲಹೋಮ, ಟೆಕ್ಸಾಸ್‌ಗಳಿಂದ ವಲಸೆ ಬಂದು ಹಡಗುಕಟ್ಟೆ, ವಿಮಾನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಜನ ಅವರು.

1944ರ ಡಿಸೆಂಬರ್ 30ರಂದು ನ್ಯಾಶ್‌ವಿಲ್‌ನ ‘ಗ್ರ್ಯಾಂಡ್ ಓಲ್ ಆಪ್ರಿ’ ವೇದಿಕೆಯಲ್ಲಿ ನಡೆದದ್ದು ಇಂದಿಗೂ ಕಂಟ್ರಿ ಸಂಗೀತದ ದಂತಕತೆ. ಸಂಪ್ರದಾಯನಿಷ್ಠವಾದ ಆ ಸಭೆಗೆ ಡ್ರಮ್ ಎಂದರೆ ಮೈಲಿಗೆ. ಪರದೆಯ ಹಿಂದಿಟ್ಟು ಬಾರಿಸಲಿ ಎಂಬ ಸಲಹೆ ಬಂತೆಂದೂ ವಿಲ್ಸ್ ಒಪ್ಪದೆ ಅದನ್ನು ಎಲ್ಲರಿಗೂ ಕಾಣುವಂತೆ ಇರಿಸಿದರೆಂದೂ ಹೇಳುತ್ತಾರೆ. ಕತೆಯ ವಿವರಗಳು ಬಾಯಿಂದ ಬಾಯಿಗೆ ಬದಲಾಗಿವೆ. ಡ್ರಮ್ ಮಾತ್ರ ಅಂದು ಮೊಳಗಿತು.

ಯುದ್ಧಾನಂತರದ ವೃಂದ ಚಿಕ್ಕದು; ಊದುವಾದ್ಯಗಳ ಪಾಲನ್ನು ಗಿಟಾರ್, ಮ್ಯಾಂಡೊಲಿನ್‌ಗಳೇ ಹೊತ್ತವು. 1946ರಲ್ಲಿ ‘ನ್ಯೂ ಸ್ಪ್ಯಾನಿಷ್ ಟೂ ಸ್ಟೆಪ್’ ಹದಿನಾರು ವಾರ ಕಂಟ್ರಿ ಪಟ್ಟಿಯ ಮೊದಲ ಸ್ಥಾನದಲ್ಲಿ ಕುಳಿತಿತು. ರೇಡಿಯೊ ಕೇಂದ್ರಗಳಿಗೆಂದು 1946-47ರಲ್ಲಿ ಮುದ್ರಿಸಿದ ‘ಟಿಫನಿ’ ಧ್ವನಿಮುದ್ರಣಗಳಲ್ಲಿ ಮೂರು ನಿಮಿಷದ ಕಟ್ಟುಪಾಡಿಲ್ಲದೆ ಹರಿಯುವ ಆ ವೃಂದವನ್ನು ಕೇಳಬೇಕು. ವಿಲ್ಸ್ ಅವರ ನಿಜವಾದ ಸಾಧನೆ ಅಲ್ಲಿದೆ ಎಂದರೆ ತಪ್ಪಾಗದು. ದಶಕಗಳ ಕಾಲ ಕೇಳುವವರಿಲ್ಲದೆ ಉಳಿದು 1980ರ ದಶಕದಲ್ಲಷ್ಟೇ ಅವು ಎಲ್‌ಪಿಗಳಾಗಿ ಹೊರಬಂದವು.

ಅಷ್ಟರಲ್ಲಿ ಹಳೆಯ ಚಟ ತನ್ನ ಬಾಕಿಯನ್ನು ವಸೂಲು ಮಾಡತೊಡಗಿತ್ತು. ನಾಯಕನನ್ನು ನೋಡಲೆಂದು ಹಣ ತೆತ್ತು ಬಂದ ಜನರಿಗೆ, ನಾಯಕ ಬಂದಿಲ್ಲವೆಂದು ಹೇಳುವ ಸಂಕಟ ಪದೇ ಪದೇ ಡಂಕನ್ ಪಾಲಿಗೆ ಬರುತ್ತಿತ್ತು. ಅವರ ಗೊಣಗಾಟ ವಿಲ್ಸ್ ಕಿವಿಗೆ ಬಿದ್ದು, 1948ರಲ್ಲಿ ಇಬ್ಬರ ದಾರಿ ಬೇರೆಯಾಯಿತು. ತಪ್ಪು ಯಾರದೆಂದು ಕೇಳುವುದು ಅನಗತ್ಯ. ನಷ್ಟ ಮಾತ್ರ ಇಬ್ಬರದೂ. ತಂದೆಯ ಪಿಟೀಲಿನ ಮಟ್ಟಿಗೆ ತಮ್ಮ ಬಿಲ್ಲಿ ಜ್ಯಾಕ್ ಸಾಹಿತ್ಯ ಹೊಂದಿಸಿದ ‘ಫೇಡೆಡ್ ಲವ್’ 1950ರಲ್ಲಿ ಹೊರಬಂದು ಕೊನೆಯ ದೊಡ್ಡ ಯಶಸ್ಸಾಯಿತು. ಅದೇ ವರ್ಷ ಡಲ್ಲಸ್‌ನಲ್ಲಿ ‘ಬಾಬ್ ವಿಲ್ಸ್ ರ‍್ಯಾಂಚ್ ಹೌಸ್’ ಎಂಬ ಭಾರಿ ನೃತ್ಯಶಾಲೆ ತೆರೆದದ್ದು ಅವರನ್ನು ಮುಳುಗಿಸಿತು. ಲೆಕ್ಕಪತ್ರವನ್ನು ಪರರ ಕೈಗೊಪ್ಪಿಸಿ ತಾವು ಊರೂರು ಸುತ್ತುತ್ತಿದ್ದಾಗ ಕಟ್ಟದೆ ಉಳಿದ ತೆರಿಗೆಯ ಮೊತ್ತ ಬೆಟ್ಟವಾಗಿ ಬೆಳೆದಿತ್ತು. ಆಸ್ತಿಯನ್ನೆಲ್ಲ ಮಾರಿ ತೀರಿಸುವಾಗ ‘ನ್ಯೂ ಸ್ಯಾನ್ ಆಂಟೋನಿಯೊ ರೋಸ್’ ಹಾಡಿನ ಹಕ್ಕೂ ಅಜಾಗ್ರತೆಯಿಂದ ಕೈಬಿಟ್ಟುಹೋಯಿತು.

ಬಳಿಕ ನೆಲೆಯಿಲ್ಲದ ಅಲೆದಾಟ. ದೂರದರ್ಶನ ಜನರನ್ನು ಮನೆಯಲ್ಲೇ ಕೂರಿಸಿತು. ರಾಕ್ ಅಂಡ್ ರೋಲ್ ತರುಣರನ್ನು ಸೆಳೆಯಿತು. 1960ರಲ್ಲಿ ಡಂಕನ್ ಮತ್ತೆ ಜೊತೆಗೂಡಿ ಕೆಲಕಾಲ ಹಳೆಯ ಬೆಳಕು ಮಿನುಗಿತು. 1962 ಮತ್ತು 1964ರಲ್ಲಿ ಹೃದಯಾಘಾತಗಳಾದವು. ಎರಡನೆಯದರ ಬಳಿಕ ಸ್ವಂತ ವೃಂದವನ್ನು ಕೈಬಿಟ್ಟು ಪರರ ತಂಡಗಳೊಡನೆ ಒಂಟಿಯಾಗಿ ವೇದಿಕೆಯೇರತೊಡಗಿದರು. 1967ರಲ್ಲಿ ಡಂಕನ್ ತೀರಿಕೊಂಡರು.

ಗೌರವಗಳು ತಡವಾಗಿ, ಆದರೆ ಸಾಲಾಗಿ ಬಂದವು. 1968ರಲ್ಲಿ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ ಸೇರ್ಪಡೆ. 1969ರ ಮೇ 30ರಂದು ಟೆಕ್ಸಾಸ್ ಶಾಸನಸಭೆಯ ಸನ್ಮಾನ. ಮರುದಿನವೇ ಪಾರ್ಶ್ವವಾಯು ಬಡಿದು ಬಲಭಾಗ ಸ್ವಾಧೀನ ತಪ್ಪಿತು. ಕಮಾನು ಹಿಡಿಯುವ ಕೈ ಅದು. ಮರುವರ್ಷ ಗಾಯಕ ಮರ್ಲ್ ಹ್ಯಾಗರ್ಡ್ ಪಿಟೀಲು ಕಲಿತು ವಿಲ್ಸ್ ಹಾಡುಗಳದೇ ಒಂದು ಗೀತಗುಚ್ಛವನ್ನು ಹೊರತಂದಾಗ ಹೊಸ ಪೀಳಿಗೆ ಈ ಸಂಗೀತದತ್ತ ಮತ್ತೆ ಕಿವಿಗೊಟ್ಟಿತು.

1973ರ ಡಿಸೆಂಬರ್ 3ರಂದು ಡಲ್ಲಸ್‌ನ ಸ್ಟುಡಿಯೊ ಒಂದರಲ್ಲಿ ಮಕಾಲಿಫ್, ಸ್ಟ್ರಿಕ್ಲಿನ್, ಶ್ಯಾಂಬ್ಲಿನ್, ಡೇಕಸ್ ಮೊದಲಾದ ಹಳೆಯ ಸಂಗಾತಿಗಳು ಒಂದುಗೂಡಿದರು. ಗಾಲಿಕುರ್ಚಿಯಲ್ಲಿ ಬಂದ ವಿಲ್ಸ್ ಪಿಟೀಲು ಹಿಡಿಯಲಾರರು, ದನಿ ಕ್ಷೀಣಿಸಿತ್ತು. ಆದರೂ ವಾದನದ ನಡುವೆ ಅಲ್ಲಲ್ಲಿ ಅವರ ಕರೆ ಕೇಳಿಸಿತು, ವಾದಕರು ಆ ಕರೆಗಾಗಿಯೇ ನುಡಿಸಿದರು. ಆ ರಾತ್ರಿ ಮತ್ತೊಮ್ಮೆ ಪಾರ್ಶ್ವವಾಯು ಬಡಿಯಿತು. ಮರುದಿನ ಹ್ಯಾಗರ್ಡ್ ಕೂಡ ಬಂದು ಸೇರಿದರು, ಧ್ವನಿಮುದ್ರಣ ಮುಂದುವರಿಯಿತು. ಕೇಕೆ ಹಾಕುವ ಸ್ಥಾನದಲ್ಲಿ ಮಾತ್ರ ನಾಯಕನಿರಲಿಲ್ಲ. ‘ಫಾರ್ ದಿ ಲಾಸ್ಟ್ ಟೈಮ್’ ಎಂಬ ಹೆಸರಿನಲ್ಲಿ ಆ ಹಾಡುಗಳು ಹೊರಬಂದದ್ದನ್ನು ಅವರು ಅರಿಯಲಿಲ್ಲ. ಹದಿನೇಳು ತಿಂಗಳು ಪ್ರಜ್ಞೆ ಮರಳದೆಯೇ ಇದ್ದು, 1975ರ ಮೇ 13ರಂದು ಫೋರ್ಟ್‌ವರ್ತ್‌ನಲ್ಲಿ ಅಸುನೀಗಿದರು. ಸಮಾಧಿ ಇರುವುದು ಟೆಕ್ಸಾಸಿನಲ್ಲಲ್ಲ. ಓಡಿಬಂದವರಿಗೆ ನೆರಳಿತ್ತ ಟಲ್ಸದಲ್ಲಿ. ಕೇನ್ಸ್ ಬಾಲ್‌ರೂಮ್‌ನಲ್ಲಿ ಇಂದಿಗೂ ಸಂಗೀತ ಕಾರ್ಯಕ್ರಮಗಳು ನಡೆಯುತ್ತವೆ.