ಮರುಭೂಮಿಯ ಹೊಳೆಯಲ್ಲಿ ಒಬ್ಬ ಉಪಾಧ್ಯಾಯ

ಶರಾವತಿಯು ಜೋಗದಲ್ಲಿ ಧುಮುಕಿ, ಗೇರುಸೊಪ್ಪೆಯನ್ನು ದಾಟಿ, ಹೊನ್ನಾವರದ ಅಳಿವೆಯಲ್ಲಿ ಕಡಲನ್ನು ಸೇರುತ್ತದೆ. ಭಟ್ಕಳದ ನೆರೆಯ ಜಾಲಿಯ ಮರಳದಂಡೆಯಿಂದ ಕುಮಟೆಯ ಅಘನಾಶಿನಿಯವರೆಗಿನ ಜನಕ್ಕೆ ಹೊಳೆಯೆಂದರೆ ಮಳೆಯ ಮಗಳು. ಹೊಳೆಯಿದ್ದಲ್ಲಿ ಗದ್ದೆ, ತೆಂಗು, ಅಡಿಕೆ ಇದ್ದೇ ಇರಬೇಕು. ಮಳೆಯೇ ಅಪರೂಪವಾದ ಬೆಂಗಾಡಿನ ನಡುವೆ, ಆಳದ ಕಲ್ಲುಗೋಡೆಗಳ ಬುಡದಲ್ಲಿ, ದೂರದ ಪರ್ವತಗಳ ಹಿಮ ಕರಗಿದ ನೀರನ್ನು ಹೊತ್ತು ಭೋರ್ಗರೆಯುವ ಹೊಳೆಯೊಂದನ್ನು ಅವರು ಊಹಿಸಿಕೊಳ್ಳುವುದು ಕಷ್ಟ. ಅಮೆರಿಕದ ಪಶ್ಚಿಮ ಭಾಗದ ಕೊಲರಾಡೊ ಅಂಥ ಹೊಳೆ. ಅದರ ಉಪನದಿಗಳಾದ ಗ್ರೀನ್, ಸ್ಯಾನ್ ವಾನ್ ನದಿಗಳಲ್ಲಿ ಇಂದು ಪ್ರತಿ ಬೇಸಗೆಯಲ್ಲಿಯೂ ತಂದೆ ತಾಯಿಗಳು ಮಕ್ಕಳನ್ನು ಕೂರಿಸಿಕೊಂಡು, ಗಾಳಿ ತುಂಬಿದ ರಬ್ಬರ್ ತೆಪ್ಪಗಳಲ್ಲಿಯೂ ಕಯಾಕ್ ಎಂಬ ಕಿರುದೋಣಿಗಳಲ್ಲಿಯೂ ವಿಹಾರಕ್ಕೆ ಹೋಗುತ್ತಾರೆ. ಅವರು ರಾತ್ರಿ ತಂಗುವ ಮರಳದಿಣ್ಣೆಗಳ, ಎದೆ ನಡುಗಿಸುವ ಸೆಳವುಗಳ, ಕಮರಿಗಳ ಹೆಸರುಗಳಲ್ಲಿ ಹಲವು ಒಬ್ಬ ಶಾಲಾ ಉಪಾಧ್ಯಾಯರು ಇಟ್ಟವು. ಆ ಉಪಾಧ್ಯಾಯರಿಗೆ ಬಲಗೈ ಇರಲಿಲ್ಲ. ಅವರೇ ಜಾನ್ ವೆಸ್ಲಿ ಪೊವೆಲ್ಲರು.

ಪೊವೆಲ್ಲರು 1834ರ ಮಾರ್ಚ್ 24ರಂದು ನ್ಯೂಯಾರ್ಕ್ ಸಂಸ್ಥಾನದ ಮೌಂಟ್ ಮಾರಿಸ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಜೋಸೆಫ್ ಪೊವೆಲ್ಲರು ಇಂಗ್ಲೆಂಡಿನಿಂದ ವಲಸೆ ಬಂದವರು, ಊರೂರು ತಿರುಗುವ ಧರ್ಮಬೋಧಕರು, ಗುಲಾಮಗಿರಿಯ ಕಡುವಿರೋಧಿ. ಈ ಕಾರಣದಿಂದಲೇ ಓಹಾಯೊದ ಜ್ಯಾಕ್ಸನ್ ಊರಿನಲ್ಲಿ ಬಾಲಕ ಪೊವೆಲ್ ಸಹಪಾಠಿಗಳಿಂದ ಕಲ್ಲೇಟು ತಿನ್ನಬೇಕಾಯಿತು. ಶಾಲೆ ಬಿಡಿಸಿ ಅವರನ್ನು ನೆರೆಯ ಜಾರ್ಜ್ ಕ್ರೂಕ್‌ಹ್ಯಾಮ್ ಎಂಬ ವೃದ್ಧರ ಬಳಿಗೆ ಕಳುಹಿಸಲಾಯಿತು. ಈ ಕ್ರೂಕ್‌ಹ್ಯಾಮರು ಯಾವ ಪದವಿಯೂ ಇಲ್ಲದ ರೈತರು. ಸ್ವಂತ ಆಸಕ್ತಿಯಿಂದ ಕಲ್ಲು, ಗಿಡ, ಪ್ರಾಣಿಗಳ ಸಂಗ್ರಹವನ್ನು ಕಟ್ಟಿಕೊಂಡಿದ್ದವರು. ಶಿಷ್ಯನನ್ನು ಹೊಲಕ್ಕೆ, ಹಳ್ಳಕ್ಕೆ ಕರೆದೊಯ್ದು ಕಂಡದ್ದನ್ನು ಓದಿಸುವುದೇ ಅವರ ಪಾಠಕ್ರಮವಾಗಿತ್ತು. ಕಲ್ಲೇಟು ಕೊಟ್ಟ ಶಾಲೆಗೂ ಈ ಮುದುಕರಿಗೂ ಪೊವೆಲ್ಲರು ಎಷ್ಟೆಷ್ಟು ಋಣಿಗಳೆಂದು ತೂಗಿದರೆ ತಕ್ಕಡಿ ಯಾವ ಕಡೆ ವಾಲುವುದೆಂದು ಉಪಾಧ್ಯಾಯರಿಗೆ ಹೇಳಬೇಕಾಗಿಲ್ಲ.

ಮುಂದೆ ಕುಟುಂಬವು ವಿಸ್ಕಾನ್ಸಿನ್, ಇಲಿನಾಯ್ ಸಂಸ್ಥಾನಗಳಿಗೆ ಸಾಗಿತು. ತಂದೆ ಬೋಧನೆಗಾಗಿ ಮನೆಬಿಟ್ಟು ಹೋದಾಗ ಹನ್ನೆರಡರ ಹುಡುಗನೇ ಹೊಲದ ಭಾರ ಹೊತ್ತನು. ಹದಿನೆಂಟರ ಹರೆಯದಲ್ಲಿ ಹಳ್ಳಿಯ ಶಾಲೆಯೊಂದರಲ್ಲಿ ಉಪಾಧ್ಯಾಯರಾದರು. ಮೂರು ಕಾಲೇಜುಗಳ ಮೆಟ್ಟಿಲು ಹತ್ತಿಳಿದರೂ ಪದವಿ ಕೈಗೆ ಬರಲಿಲ್ಲ. ರಜೆಯ ದಿನಗಳಲ್ಲಿ ಮಾತ್ರ ಅವರ ನಿಜವಾದ ವ್ಯಾಸಂಗ ನಡೆಯುತ್ತಿತ್ತು: 1856ರಲ್ಲಿ ಮಿಸಿಸಿಪಿಯನ್ನು ಸಮುದ್ರದವರೆಗೆ, 1857ರಲ್ಲಿ ಓಹಾಯೊ ನದಿಯನ್ನು, 1858ರಲ್ಲಿ ಇಲಿನಾಯ್ ನದಿಯನ್ನು ಹುಟ್ಟು ಹಾಕುತ್ತ ಇಳಿದರು, ಕಪ್ಪೆಚಿಪ್ಪುಗಳನ್ನೂ ಕಲ್ಲುಗಳನ್ನೂ ಆರಿಸಿ ತಂದರು.

1861ರಲ್ಲಿ ಅಂತರ್ಯುದ್ಧವು ಆರಂಭವಾದಾಗ ಪೊವೆಲ್ಲರು ಗುಲಾಮಗಿರಿಯ ವಿರುದ್ಧ ಹೋರಾಡುವ ಪಕ್ಷದಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದರು. ಅದೇ ವರ್ಷದ ನವೆಂಬರಿನಲ್ಲಿ ಸೋದರಮಾವನ ಮಗಳಾದ ಎಮ್ಮಾ ಡೀನ್ ಎಂಬವರನ್ನು ವಿವಾಹವಾದರು. ಐದು ತಿಂಗಳು ತುಂಬುವ ಮೊದಲೇ, 1862ರ ಏಪ್ರಿಲ್ 6ರಂದು, ಶೈಲೊ ಕದನದಲ್ಲಿ ಗುಂಡು ಬಲಗೈಯ ಎಲುಬನ್ನು ಪುಡಿಮಾಡಿತು. ಮೊಣಕೈಯ ಕೆಳಗೆ ಕೈಯನ್ನು ಕತ್ತರಿಸಿ ತೆಗೆಯಲಾಯಿತು. ಎಮ್ಮಾ ಅವರು ಸೇನಾಧಿಪತಿ ಗ್ರಾಂಟರ ಅನುಮತಿ ಪಡೆದು ಪಾಳೆಯದಲ್ಲಿಯೇ ಇದ್ದು ಪತಿಯ ಶುಶ್ರೂಷೆ ಮಾಡಿದರು. ಗಾಯ ಮಾಗಿದ ಮೇಲೆ ಪೊವೆಲ್ಲರು ಮರಳಿ ರಣರಂಗಕ್ಕೆ ಹೋಗಿ 1865ರವರೆಗೆ ಸೇವೆ ಸಲ್ಲಿಸಿ ಮೇಜರ್ ಪದವಿಯಿಂದ ನಿವೃತ್ತರಾದರು. ತುಂಡಾದ ಕೈಯ ನರಗಳ ನೋವು ಮಾತ್ರ ಜೀವಮಾನವಿಡೀ ಅವರನ್ನು ಬಿಡಲಿಲ್ಲ.

ಇಲಿನಾಯ್ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನದ ಪ್ರಾಧ್ಯಾಪಕರಾದ ಬಳಿಕ ಅವರು 1867ರಲ್ಲಿ ಒಂದು ಅಪೂರ್ವ ಸಾಹಸಕ್ಕೆ ಕೈಹಾಕಿದರು. ವಿದ್ಯಾರ್ಥಿಗಳನ್ನೂ ಪತ್ನಿಯನ್ನೂ ಕರೆದುಕೊಂಡು ರಾಕಿ ಪರ್ವತಗಳಿಗೆ ಹೋದರು. ಎಮ್ಮಾ ಅವರು ಪೈಕ್ಸ್ ಶಿಖರವನ್ನು ಹತ್ತಿದರು. ಮರುವರ್ಷ ಪೊವೆಲ್ಲರು ಒಂದೇ ಕೈಯಲ್ಲಿ ಲಾಂಗ್ಸ್ ಶಿಖರವನ್ನೇರಿದರು. ಆ ಚಳಿಗಾಲವನ್ನು ದಂಪತಿಗಳು ವೈಟ್ ನದಿಯ ಕಣಿವೆಯಲ್ಲಿ ಕಳೆದರು. ಅಲ್ಲಿನ ಯೂಟ್ ಮೂಲನಿವಾಸಿಗಳ ಭಾಷೆಯನ್ನು ಪೊವೆಲ್ಲರು ಕಲಿತು ಬರೆದುಕೊಂಡರು. ಕೊಲರಾಡೊ ನದಿಯ ಕಮರಿಗಳಲ್ಲಿ ಏನಿದೆ ಎಂದು ಆಗಿನ ಭೂಪಟಗಳು ಹೇಳುತ್ತಿರಲಿಲ್ಲ. ಹೊಳೆ ನೆಲದೊಳಗೆ ಮಾಯವಾಗುತ್ತದೆಂದೂ, ದೊಡ್ಡ ಜಲಪಾತದಲ್ಲಿ ಬಿದ್ದು ದೋಣಿಯನ್ನು ನುಂಗುತ್ತದೆಂದೂ ಜನ ಹೇಳಿಕೊಳ್ಳುತ್ತಿದ್ದರು.

1869ರ ಮೇ 24ರಂದು ವಯೋಮಿಂಗ್ ಸೀಮೆಯ ಗ್ರೀನ್ ರಿವರ್ ನಿಲ್ದಾಣದಿಂದ ನಾಲ್ಕು ದೋಣಿಗಳಲ್ಲಿ ಹತ್ತು ಜನ ಹೊರಟರು. ಅಮೆರಿಕವನ್ನು ಅಡ್ಡಹಾಯುವ ರೈಲುಮಾರ್ಗ ಪೂರ್ಣಗೊಂಡು ಆಗ ಎರಡು ವಾರ ಮಾತ್ರ ಆಗಿದ್ದಿತು. ಷಿಕಾಗೊದಲ್ಲಿ ಕಟ್ಟಿದ ದೋಣಿಗಳು ರೈಲಿನಲ್ಲಿಯೇ ಬಂದಿದ್ದವು. ಮೂರು ದೋಣಿಗಳು ಓಕ್ ಮರದವು, 21 ಅಡಿ ಉದ್ದ. ನಾಲ್ಕನೆಯದು ಪೈನ್ ಮರದ ಹಗುರ ದೋಣಿ, 16 ಅಡಿ. ಅದಕ್ಕೆ ಪೊವೆಲ್ಲರು ಪತ್ನಿಯ ಹೆಸರನ್ನೇ ಇಟ್ಟಿದ್ದರು. ಹತ್ತು ತಿಂಗಳಿಗೆ ಸಾಕಾಗುವಷ್ಟು ದವಸ ತುಂಬಿಸಿದ್ದರು. ಯುದ್ಧದಲ್ಲಿ ಸೆರೆಸಿಕ್ಕಿ ಮನಸ್ಸು ಕದಡಿಹೋಗಿದ್ದ ತಮ್ಮ ವಾಲ್ಟರನೂ ಜೊತೆಯಲ್ಲಿದ್ದನು. ಉಳಿದವರು ಬೇಟೆಗಾರರು, ಮಾಜಿ ಸೈನಿಕರು, ಮುದ್ರಣಾಲಯದಲ್ಲಿ ದುಡಿದವರೊಬ್ಬರು. ಇಂಥ ಹೊಳೆಯಲ್ಲಿ ದೋಣಿ ನಡೆಸಿ ಪಳಗಿದವರು ಅವರಲ್ಲಿ ಯಾರೂ ಇರಲಿಲ್ಲ.

ಆ ದೋಣಿಗಳು ಆ ಹೊಳೆಗೆ ತಕ್ಕವುಗಳಾಗಿರಲಿಲ್ಲವೆಂಬುದನ್ನು ಇಲ್ಲಿಯೇ ಹೇಳಬೇಕು. ತುಂಗಭದ್ರೆಯ ಬಿದಿರಿನ ಹರಿಗೋಲು ಬಂಡೆಗೆ ತಾಗಿದರೆ ಬಾಗಿ ಪಕ್ಕಕ್ಕೆ ಸರಿಯುತ್ತದೆ. ಓಕ್ ಮರದ ಭಾರದ ದೋಣಿ ಒಡೆಯುತ್ತದೆ. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕುಳಿತಿರುತ್ತಿದ್ದರು. ಆದುದರಿಂದ ಪೊವೆಲ್ಲರು ಮುಂದಿನ ದೋಣಿಯಿಂದ ಬಾವುಟ ಬೀಸಿ ಸನ್ನೆ ಮಾಡುತ್ತಿದ್ದರು. ಸೆಳವು ಅತಿಯಾಗಿದ್ದಲ್ಲಿ ಎಲ್ಲರೂ ದಡಕ್ಕಿಳಿದು, ಸಾಮಾನುಗಳನ್ನು ಹೆಗಲ ಮೇಲೆ ಹೊತ್ತು, ಖಾಲಿ ದೋಣಿಗಳನ್ನು ಹಗ್ಗದಿಂದ ಇಳಿಬಿಡುತ್ತಿದ್ದರು. ಜೂನ್ ಎರಡನೆಯ ವಾರದಲ್ಲಿ ಲೊಡೋರ್ ಕಮರಿಯಲ್ಲಿ ಒಂದು ದೋಣಿ ಸನ್ನೆಯನ್ನು ತಪ್ಪಿಸಿಕೊಂಡು ಸೆಳವಿಗೆ ಸಿಕ್ಕಿ ಎರಡು ತುಂಡಾಯಿತು. ಅದರಲ್ಲಿದ್ದ ಮೂವರೂ ಬದುಕಿ ಉಳಿದರು. ದವಸದ ದೊಡ್ಡ ಪಾಲು ಹೊಳೆಯ ಪಾಲಾಯಿತು. ಎತ್ತರವನ್ನು ಅಳೆಯುವ ವಾಯುಭಾರಮಾಪಕಗಳು ಒಡೆದ ತುಂಡಿನೊಳಗೆ ಸುರಕ್ಷಿತವಾಗಿ ದೊರೆತಾಗ ಪೊವೆಲ್ಲರಿಗೆ ಹೋದ ಜೀವ ಬಂದಂತಾಯಿತು. ಅವುಗಳೊಡನೆ ಮದ್ಯದ ಪೀಪಾಯಿಯೂ ಸಿಕ್ಕಿತೆಂದು ಉಳಿದವರು ಹರ್ಷಿಸಿದರಂತೆ; ಒಂದೇ ಅವಶೇಷದಲ್ಲಿ ಒಬ್ಬೊಬ್ಬರಿಗೆ ಒಂದೊಂದು ನಿಧಿ.

ಕಾಳು ಮುಗಿಯುತ್ತ ಬಂದರೂ ಪೊವೆಲ್ಲರು ದಿನದಿನವೂ ಬಂಡೆಗಳನ್ನು ಹತ್ತಿ ಅಳತೆ ಮಾಡುವುದನ್ನು ಬಿಡಲಿಲ್ಲ. ಒಮ್ಮೆ ಕಡಿದಾದ ಗೋಡೆಯಲ್ಲಿ, ಇದ್ದ ಒಂದೇ ಕೈಯಿಂದ ಬಂಡೆಯನ್ನು ಹಿಡಿದು, ಮೇಲೇರಲೂ ಕೆಳಗಿಳಿಯಲೂ ಆಗದೆ ಸಿಕ್ಕಿಕೊಂಡರು. ಮೇಲಿದ್ದ ಜಾರ್ಜ್ ಬ್ರ್ಯಾಡ್ಲಿ ಬೇರೇನೂ ತೋಚದೆ ತನ್ನ ಒಳಚಲ್ಲಣವನ್ನೇ ಕಳಚಿ ಇಳಿಬಿಟ್ಟನು. ಅದನ್ನು ಹಿಡಿದು ಪೊವೆಲ್ಲರು ಮೇಲೆ ಬಂದರು. ಕೆಳಗೆ ನಿಂತು ಅವರು ಓದಿದ್ದೇನೆಂದರೆ ಈ ಹೊಳೆಯ ವಯಸ್ಸು. ಪರ್ವತವನ್ನು ಕಂಡ ಹೊಳೆ ಸುತ್ತಿ ಹೋಗಬೇಕು. ಇದು ನಡುವೆಯೇ ಸೀಳಿಕೊಂಡು ಹೋಗುತ್ತದೆ. ಹೊಳೆ ಮೊದಲೇ ಅಲ್ಲಿತ್ತು, ನೆಲ ಆಮೇಲೆ ನಿಧಾನವಾಗಿ ಮೇಲೆದ್ದಿತು, ಏಳುತ್ತಿದ್ದ ನೆಲವನ್ನು ಹೊಳೆ ಗರಗಸದಂತೆ ಕೊಯ್ಯುತ್ತ ಬಂದಿತು ಎಂಬುದು ಅವರ ವಿವರಣೆ. ಈ ಹೊಳೆಯ ಬಗೆಗೆ ಆ ವಿವರಣೆಯಲ್ಲಿ ಮುಂದಿನವರು ತಿದ್ದುಪಡಿಗಳನ್ನು ಮಾಡಿದ್ದಾರೆ. ಆ ಪರಿಕಲ್ಪನೆ ಮಾತ್ರ ಭೂವಿಜ್ಞಾನದಲ್ಲಿ ಉಳಿದುಕೊಂಡಿದೆ.

ಅತ್ತ ಪತ್ರಿಕೆಗಳಲ್ಲಿ ಒಬ್ಬ ವಂಚಕನು ತಂಡವೆಲ್ಲ ಮುಳುಗಿ ಸತ್ತಿತೆಂದೂ ತಾನೊಬ್ಬನೇ ಉಳಿದೆನೆಂದೂ ಕಥೆ ಕಟ್ಟಿ ಹರಡಿದನು. ತವರಿನಲ್ಲಿದ್ದ ಎಮ್ಮಾ ಅವರು ಅಳುತ್ತ ಕೂರಲಿಲ್ಲ. ದುರಂತ ನಡೆಯಿತೆಂದು ಅವನು ಹೇಳಿದ ದಿನದ ಅನಂತರವೂ ಪತಿಯಿಂದ ಬಂದ ಕಾಗದ ಅವರ ಕೈಯಲ್ಲಿತ್ತು. ಆ ಕಥೆ ಸುಳ್ಳೆಂದು ಅವರು ಬಹಿರಂಗವಾಗಿ ಸಾರಿದರು.

ಆಗಸ್ಟ್ ನಡುವಿನಲ್ಲಿ ತಂಡವು ಮಹಾಕಮರಿಯನ್ನು, ಅಂದರೆ ಗ್ರ್ಯಾಂಡ್ ಕ್ಯಾನ್ಯನ್ನನ್ನು ಹೊಕ್ಕಿತು. ಅದರ ಉದ್ದ ಸುಮಾರು 446 ಕಿಲೋಮೀಟರು. ಆಳ ಕೆಲವೆಡೆ ಒಂದೂವರೆ ಕಿಲೋಮೀಟರಿಗೂ ಮಿಗಿಲು. ಪಕ್ಕದ ಕಿರುಕಮರಿಗಳಲ್ಲಿ ಎಂದೋ ಬಂದ ಹಠಾತ್ ಪ್ರವಾಹಗಳು ಬಂಡೆಗಳನ್ನು ಉರುಳಿಸಿ ತಂದು ಹೊಳೆಯ ಬಾಯಿಗೆ ಒಡ್ಡಿದ ಕಡೆಯಲ್ಲೆಲ್ಲ ನೀರು ಇಕ್ಕಟ್ಟಾಗಿ ಕೆರಳುತ್ತಿತ್ತು. ಉಳಿದಿದ್ದದ್ದು ಮುಗ್ಗಿದ ಹಿಟ್ಟು, ಒಣಗಿದ ಸೇಬು, ಕಾಫಿ. ಆಗಸ್ಟ್ 27ರಂದು ಎದುರಾದ ಸೆಳವಿನ ಬದಿಯಲ್ಲಿ ಸಾಮಾನು ಹೊತ್ತು ನಡೆಯಲೂ ದಾರಿಯಿರಲಿಲ್ಲ. ಆ ರಾತ್ರಿ ಒರಮೆಲ್ ಹೌಲ್ಯಾಂಡ್ ಎಂಬವರು ನಾಯಕರನ್ನು ಪ್ರತ್ಯೇಕವಾಗಿ ಕಂಡು, ತಾವೂ ತಮ್ಮ ಸೋದರ ಸೆನೆಕಾ ಮತ್ತು ವಿಲಿಯಂ ಡನ್ನರೂ ಇನ್ನು ನೀರಿಗಿಳಿಯುವುದಿಲ್ಲವೆಂದೂ, ಎಲ್ಲರೂ ಇಲ್ಲಿಯೇ ಹೊಳೆ ಬಿಡುವುದೊಳ್ಳೆಯದೆಂದೂ ತಿಳಿಸಿದರು. ಪೊವೆಲ್ಲರು ನಕ್ಷತ್ರಗಳನ್ನು ನೋಡಿ ತಾವಿರುವ ಸ್ಥಳವನ್ನು ಗಣಿಸಿದರು. ಮರಳಿನ ಮೇಲೆ ಬೆಳಗಿನವರೆಗೆ ಅತ್ತಿತ್ತ ನಡೆದರು. ಮುಂದುವರಿಯುವುದೆಂದೇ ನಿಶ್ಚಯಿಸಿದರು.

ಮರುದಿನ ಜಗಳವಿಲ್ಲದೆ ಅಗಲಿದರು. ಹೋಗುವವರಿಗೆ ಬಂದೂಕುಗಳನ್ನೂ ದಾಖಲೆಗಳ ಒಂದು ಪ್ರತಿಯನ್ನೂ ಕೊಡಲಾಯಿತು. ಎಮ್ಮಾ ಅವರ ಹೆಸರಿನ ದೋಣಿಯನ್ನು ದಡದಲ್ಲಿಯೇ ಬಿಟ್ಟು, ಆರು ಜನ ಎರಡು ದೋಣಿಗಳಲ್ಲಿ ಸೆಳವಿಗೆ ಹಾರಿದರು; ಕ್ಷಣಗಳಲ್ಲಿ ದಾಟಿಯೂ ಬಿಟ್ಟರು. ಕೆಳಗೆ ನಿಂತು ಬಂದೂಕು ಹಾರಿಸಿ, ಬಿಟ್ಟ ದೋಣಿಯಲ್ಲಿ ಆ ಮೂವರೂ ಬಂದಾರೆಂದು ಕಾದರು. ಅವರು ಬರಲಿಲ್ಲ. ಆಗಸ್ಟ್ 29ರಂದು, ಅಂದರೆ ಮಾರನೆಯ ದಿನವೇ, ಕಮರಿ ಮುಗಿದು ಬಯಲು ತೆರೆಯಿತು. ದಂಡೆ ಹತ್ತಿ ಹೋದ ಮೂವರು ಜೀವಸಹಿತ ಊರು ಸೇರಲಿಲ್ಲ.

1870ರಲ್ಲಿ ಪೊವೆಲ್ಲರು ಆಯುಧವಿಲ್ಲದೆ ಶಿವ್‌ವಿಟ್ಸ್ ಎಂಬ ಮೂಲನಿವಾಸಿಗಳ ಬಳಿಗೆ ಹೋಗಿ ವಿಚಾರಿಸಿದರು. ತಮ್ಮ ಕಡೆಯ ಹೆಣ್ಣೊಬ್ಬಳನ್ನು ಕೊಂದವರೆಂದು ತಪ್ಪು ತಿಳಿದು ಆ ಮೂವರನ್ನು ಕೊಂದುದಾಗಿ ಅಲ್ಲಿ ಕೇಳಿ, ಸೇಡನ್ನು ಬಯಸದೆ ಹಿಂದಿರುಗಿದರು. ಬೇರೆಯವರ ಕೈವಾಡವೆಂಬ ವಾದವೂ ಇದೆ. ವಿಷಯ ಇಂದಿಗೂ ಇತ್ಯರ್ಥವಾಗಿಲ್ಲ.

1871ರ ಎರಡನೆಯ ಯಾತ್ರೆಗೆ ಸರಕಾರವೇ ಹಣ ಕೊಟ್ಟಿತು. ಈ ಬಾರಿ ಅದು ಹೆಚ್ಚುಕಡಮೆ ಮನೆಮಂದಿಯ ಕೆಲಸವಾಯಿತು. ನಕ್ಷೆಯ ಭಾರ ಭಾವನವರಾದ ಆಲ್ಮನ್ ಥಾಂಪ್ಸನ್ನರದು. ಅವರ ಪತ್ನಿ, ಅಂದರೆ ಪೊವೆಲ್ಲರ ಸೋದರಿ ಎಲೆನ್, ಕನಾಬ್ ಸುತ್ತಲಿನ ಬೆಂಗಾಡಿನಲ್ಲಿ ಸಸ್ಯಗಳನ್ನು ಸಂಗ್ರಹಿಸಿದರು. ಆ ಸೆಪ್ಟೆಂಬರಿನಲ್ಲಿ ಸಾಲ್ಟ್ ಲೇಕ್ ನಗರದಲ್ಲಿ ಎಮ್ಮಾ ಅವರಿಗೆ ಹೆಣ್ಣುಮಗು ಜನಿಸಿತು. ದೋಣಿಯ ನಡುವೆ ಕುರ್ಚಿಯೊಂದನ್ನು ಕಟ್ಟಿ, ಪೊವೆಲ್ಲರು ಅದರ ಮೇಲೆ ಕುಳಿತು ಹೊಳೆಯನ್ನು ನೋಡುತ್ತಿದ್ದರು. ಒಂಟಿಗೈಯಲ್ಲಿ ಈಜುವುದು ಕಷ್ಟವಾದ್ದರಿಂದ ಗಾಳಿ ತುಂಬುವ ರಬ್ಬರಿನ ರಕ್ಷಾಕವಚವನ್ನು ಧರಿಸುತ್ತಿದ್ದರು. 1872ರಲ್ಲಿ ದೋಣಿ ಮಗುಚಿದಾಗ ಅವರು ಬದುಕಿ ಉಳಿದರು.

1875ರಲ್ಲಿ ಪ್ರಕಟವಾದ ವರದಿಯಿಂದ ಪೊವೆಲ್ಲರ ಕೀರ್ತಿ ಜಗತ್ತಿಗೆ ಹಬ್ಬಿತು. ಆದರೆ ಅವರ ಅಭಿಮಾನಿಗಳು ನುಂಗಲಾರದ ತುತ್ತು ಒಂದು ಅದರಲ್ಲಿದೆ. ಎರಡನೆಯ ಯಾತ್ರೆಯ ಘಟನೆಗಳನ್ನೂ ಮೊದಲನೆಯ ಯಾತ್ರೆಯಲ್ಲಿಯೇ ನಡೆದಂತೆ ಬೆರೆಸಿ ಬರೆದರು. ಎರಡನೆಯ ಬಾರಿ ದುಡಿದವರ ಹೆಸರನ್ನೇ ಎತ್ತಲಿಲ್ಲ. ಹಿಟ್ಟು ಹಳಸಿದರೂ ಅಳತೆಯಲ್ಲಿ ಕೂದಲೆಳೆಯಷ್ಟು ತಪ್ಪನ್ನು ಸಹಿಸದವರು ಜನರ ಲೆಕ್ಕದಲ್ಲಿ ಇಷ್ಟು ಉದಾಸೀನರಾದದ್ದು ವಿಷಾದದ ಸಂಗತಿ. ಹದಿನೇಳನೆಯ ವಯಸ್ಸಿನಲ್ಲಿ ಆ ಯಾತ್ರೆಗೆ ಸೇರಿದ್ದ ಫ್ರೆಡ್ರಿಕ್ ಡೆಲೆನ್‌ಬಾ ಅವರು 1908ರಲ್ಲಿ ಪುಸ್ತಕ ಬರೆದು ತಮ್ಮ ಸಂಗಾತಿಗಳ ಹೆಸರುಗಳನ್ನು ಲೋಕಕ್ಕೆ ತಿಳಿಸಿದರು. 1918ರಲ್ಲಿ ಮಹಾಕಮರಿಯ ಅಂಚಿನಲ್ಲಿ ಸ್ಮಾರಕ ಎದ್ದಾಗಲೂ ಹೌಲ್ಯಾಂಡ್ ಸೋದರರ ಮತ್ತು ಡನ್ನರ ಹೆಸರುಗಳನ್ನು ಕೆತ್ತಲಿಲ್ಲ. ಮೂರು ತಿಂಗಳು ಅವರೂ ಅದೇ ನೀರಿನಲ್ಲಿ ನೆನೆದು ಹುಟ್ಟು ಹಾಕಿದ್ದವರು.

ಪೊವೆಲ್ಲರ ಮುಂದಿನ ಸೇವೆ ಅಪಾರವಾದುದು. 1879ರಲ್ಲಿ ಮೂಲನಿವಾಸಿಗಳ ಸಂಸ್ಕೃತಿಯನ್ನು ಅಭ್ಯಸಿಸುವ ಸರಕಾರಿ ಇಲಾಖೆಯ ಮೊದಲ ನಿರ್ದೇಶಕರಾದರು. 1891ರಲ್ಲಿ ಆ ಜನರ ಭಾಷೆಗಳನ್ನು 58 ಕುಟುಂಬಗಳಾಗಿ ವರ್ಗೀಕರಿಸಿದರು. 1881ರಿಂದ 1894ರವರೆಗೆ ಭೂವೈಜ್ಞಾನಿಕ ಸಮೀಕ್ಷೆಯ ಮುಖ್ಯಸ್ಥರಾಗಿದ್ದರು. 1878ರ ವರದಿಯಲ್ಲಿ ಅವರು ಹೇಳಿದ್ದು ಅಂದಿನವರಿಗೆ ಕಹಿಯಾಯಿತು: ಪಶ್ಚಿಮದ ನೆಲ ಅಪಾರವಿದ್ದರೂ ನೀರು ಅಲ್ಪ, ನೀರಾವರಿಗೆ ಸಿಕ್ಕುವುದು ನೆಲದ ಚಿಕ್ಕ ಭಾಗಕ್ಕೆ ಮಾತ್ರ. ಆಡಳಿತದ ಎಲ್ಲೆಗಳನ್ನು ಹೊಳೆಯ ಜಲಾನಯನವನ್ನು ಅನುಸರಿಸಿ ಹಾಕಬೇಕೆಂಬುದೂ ಅವರ ಸಲಹೆಯಾಗಿತ್ತು. ಕೃಷ್ಣೆ, ಕಾವೇರಿಗಳ ನೀರಿಗಾಗಿ ನ್ಯಾಯಮಂಡಳಿಗಳ ಮೆಟ್ಟಿಲೇರಿದ ನಾಡಿನವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. 1893ರಲ್ಲಿ ಲಾಸ್ ಏಂಜಲೀಸಿನ ನೀರಾವರಿ ಸಮ್ಮೇಳನದಲ್ಲಿ ಇದೇ ಮಾತನ್ನು ಹೇಳಿದಾಗ ಸಭೆ ಕೂಗೆಬ್ಬಿಸಿ ಅವರನ್ನು ಅವಮಾನಿಸಿತು. 1922ರಲ್ಲಿ ಸಂಸ್ಥಾನಗಳು ಕೊಲರಾಡೊವನ್ನು ಹಂಚಿಕೊಂಡಾಗ ಹೊಳೆಯಲ್ಲಿ ಇರುವುದಕ್ಕಿಂತ ಹೆಚ್ಚು ನೀರನ್ನು ಲೆಕ್ಕ ಹಿಡಿದರು. ಆ ಸಾಲದ ಹೊರೆ ಇನ್ನೂ ತೀರಿಲ್ಲ.

1902ರ ಸೆಪ್ಟೆಂಬರ್ 23ರಂದು ಮೇಯ್ನ್ ಸಂಸ್ಥಾನದ ಹೇವನ್ ಎಂಬಲ್ಲಿ ಪೊವೆಲ್ಲರು ನಿಧನರಾದರು. ಆರ್ಲಿಂಗ್ಟನ್ ಸೈನಿಕ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

1938ರಲ್ಲಿ ಏಮಸ್ ಬರ್ಗ್ ಎಂಬವರು ಗಾಳಿ ತುಂಬಿದ ರಬ್ಬರ್ ದೋಣಿಯನ್ನು ಮೊದಲ ಬಾರಿಗೆ ಮಹಾಕಮರಿಯಲ್ಲಿ ನಡೆಸಿದರು. ಎರಡನೆಯ ಮಹಾಯುದ್ಧದ ಅನಂತರ ಸೇನೆಯಲ್ಲಿ ಉಳಿದ ರಬ್ಬರ್ ತೆಪ್ಪಗಳು ಅಗ್ಗಕ್ಕೆ ದೊರೆತುದರಿಂದ ಸಾಮಾನ್ಯ ಸಂಸಾರಸ್ಥರಿಗೂ ಹೊಳೆಯ ದಾರಿ ತೆರೆಯಿತು. ಈಗ ಕುಳಿತವರು ಸೆಳವಿನ ಕಡೆಗೆ ಮುಖ ಮಾಡಿಯೇ ಹುಟ್ಟು ಹಾಕುತ್ತಾರೆ. ಮಕ್ಕಳ ಎದೆಗೂ ರಕ್ಷಾಕವಚವಿರುತ್ತದೆ. ಪೊವೆಲ್ಲರು ಮೆಚ್ಚಿ ಹೆಸರಿಟ್ಟಿದ್ದ ಗ್ಲೆನ್ ಕಮರಿಯು 1963ರಿಂದ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತು. ಆ ಜಲಾಶಯಕ್ಕೆ ಅವರದೇ ಹೆಸರು. ಮೂವರು ಅಗಲಿ ಹೋದ ಸೆಳವೂ ಈಗ ಇಲ್ಲ. ಕೆಳಗಿನ ಹೂವರ್ ಅಣೆಕಟ್ಟಿನ ಹಿನ್ನೀರು ಬಂದು, ಹೂಳು ತುಂಬಿ, ಅದರ ಬಂಡೆಗಳನ್ನು ಮುಚ್ಚಿದೆ. ತೆಪ್ಪಗಳು ಅಲ್ಲಿ ಸದ್ದಿಲ್ಲದೆ ತೇಲಿ ಹೋಗುತ್ತವೆ.